ಹೆಣ್ಣುನಾಯಿ, ಅದೂ ಬೀದೀದು, ಯಾರು ತಗೋತಾರೆ ಮೇಡಂ?

ಪ್ರಶ್ನೆ: ಮೇಡಂ, ನಾವು ಮೈಸೂರಲ್ಲಿ ಬಾಡಿಗೆ ಮನೇಲಿದ್ದೀವಿ. ಒಂದೂವರೆ ತಿಂಗಳ ಹಿಂದೆ ಮಳೆ ಬರ್ತಿದ್ದ ರಾತ್ರಿ ಒಂದು ಹೆಣ್ಣುನಾಯಿ ಬಂದು ನಮ್ಮ ಸ್ಕೂಟರ್ ಪಕ್ಕ ಮುದುರಿಕೊಂಡು ಮಲಗಿತ್ತು, ಹಿಂಗಾಲಿಗೆ ಗಾಯ, ಬೈಕ್ ಗುದ್ದಿರಬೇಕು. ಒಳಗೆ ಸೇರಿಸಿಕೊಂಡು ಡ್ರೆಸ್ಸಿಂಗ್ ಮಾಡಿಸಿದ್ವಿ, ಈಗ ಚೆನ್ನಾಗಿ ಓಡಾಡ್ತಾಳೆ. ಒಂದೆರಡು ವರ್ಷ ಇರಬಹುದು, ಕಂದು ಬಣ್ಣ. ವ್ಯಾಕ್ಸಿನ್ ಇನ್ನೂ ಹಾಕಿಸಿಲ್ಲ. ಬಂದಾಗಿಂದ ಆಗಾಗ ಹಿಂದ್ಗಡೆಯಿಂದ ಎರಡೆರಡು ಹನಿ ರಕ್ತ ಬೀಳುತ್ತೆ, ಹೀಟಿಗೆ ಬಂದಿದೆ ಬಿಡಿ ಅಂತಾರೆ ಪಕ್ಕದ ಮನೆಯವರು. ನಾಲ್ಕು ದಿನದ ಹಿಂದೆ ಕಿವಿಯಿಂದ ಉಣ್ಣೆ ಕೀಳುವಾಗ ನನ್ನ ಕೈಗೆ ಹಲ್ಲು ತಾಗಿ ಸಣ್ಣ ಗೀರಾಯ್ತು, ರಕ್ತ ಬಂದಿಲ್ಲ. ಮನೆ ಓನರ್ ಇನ್ನೊಂದೇ ತಿಂಗಳು ಅಂತ ಗಡುವು ಕೊಟ್ಟಿದ್ದಾರೆ. ಶೆಲ್ಟರ್‌ಗಳಲ್ಲಿ ಜಾಗ ಇಲ್ಲ ಅಂತಾರೆ. ವಾಟ್ಸಾಪಲ್ಲಿ ಹಾಕಿದ್ರೆ ಎಲ್ಲರೂ "ಗಂಡುಮರಿ ಇದ್ರೆ ಹೇಳಿ" ಅಂತಾರೆ. ಒಬ್ಬರು ಮಾತ್ರ ಹುಣಸೂರು ಕಡೆ ತೋಟ ಕಾಯೋಕೆ ಬೇಕು, ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ ಅಂದಿದ್ದಾರೆ. ಕೊಟ್ಟುಬಿಡ್ಲಾ? ಹೆಸರು ಕೂಡ ಇಟ್ಟಿಲ್ಲ, ಇಟ್ರೆ ಬಿಡೋಕಾಗಲ್ಲ ಅಂತ ಭಯ.

ಉತ್ತರ: ನೀವು ಕೇಳಿರೋದು ಮನೆ ಹುಡುಕೋ ವಿಷಯ, ಆದ್ರೆ ನಿಮ್ಮ ಪತ್ರದಲ್ಲಿ ಎರಡು ಸಾಲು ಓದಿ ನನಗೆ ಎದೆ ಧಸಕ್ ಅಂತು, ಅದನ್ನ ಮೊದಲು ಹೇಳ್ಬಿಡ್ತೀನಿ, ಮನೆ ಹುಡುಕೋ ಮಾತು ಆಮೇಲೆ.

ಮೊದಲನೇದು ನಿಮ್ಮ ಕೈ. ಇವತ್ತೇ, ಇದನ್ನ ಓದಿ ಮುಗಿಸೋದನ್ನೂ ಕಾಯದೆ ಬೇಕಾದ್ರೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬಿಸ್ ಇಂಜೆಕ್ಷನ್ ಶುರು ಮಾಡಿಸಿಕೊಳ್ಳಿ. ಅಲ್ಲಿ ಉಚಿತವಾಗೇ ಹಾಕ್ತಾರೆ. ರಕ್ತ ಬರದೇ ಇರೋ ಗೀರು ಕೂಡ ಲೆಕ್ಕಕ್ಕೆ ಬರುತ್ತೆ, ಅದಕ್ಕೆ ಲಸಿಕೆ ಬೇಕೇ ಬೇಕು, ರಕ್ತ ಬಂದಿದ್ರೆ ಅದರ ಜೊತೆ ಇಮ್ಯುನೋಗ್ಲಾಬ್ಯುಲಿನ್ ಅಂತ ಇನ್ನೊಂದನ್ನ ಗಾಯದ ಸುತ್ತ ಕೊಡ್ತಾರೆ. ಗೀರಾದ ತಕ್ಷಣ ಸೋಪು ಹಾಕಿ ಹರಿಯೋ ನಲ್ಲಿ ನೀರಲ್ಲಿ 15 ನಿಮಿಷ ತೊಳೆದಿದ್ರೆ ಒಳ್ಳೇದು, ತೊಳೆದಿಲ್ಲ ಅಂದ್ರೆ ಈಗಲಾದ್ರೂ ತೊಳೆದು ಹೋಗಿ. ಚರ್ಮದೊಳಗೆ ಕೊಡೋ ಇಂಜೆಕ್ಷನ್ ಆದ್ರೆ 0, 3, 7, 28ನೇ ದಿನ ಎರಡೂ ತೋಳಿಗೆ, ಮಾಂಸಖಂಡಕ್ಕೆ ಕೊಡೋದಾದ್ರೆ 0, 3, 7, 14, 28. ಯಾವುದಾದ್ರೂ ಸರಿ, ನಡುವೆ ಬಿಡಬೇಡಿ. "ಒಂದೂವರೆ ತಿಂಗಳಿಂದ ನಮ್ಮನೇಲೇ ಇದೆ, ಆರಾಮಾಗಿದೆ" ಅಂತ ನೀವು ಅಂದುಕೊಂಡಿರಬಹುದು, ಆದ್ರೆ ರೇಬಿಸ್ ವೈರಸ್ ದೇಹ ಸೇರಿ ತಿಂಗಳುಗಟ್ಟಲೆ ಸುಮ್ಮನಿದ್ದು ಆಮೇಲೆ ಹೊರಗೆ ಕಾಣಿಸಿಕೊಳ್ಳಬಹುದು, ಅವಳು ನಿಮ್ಮ ಮನೆಗೆ ಬರೋಕೆ ಮುಂಚೆ ಯಾವ ನಾಯಿ ಜೊತೆ ಕಚ್ಚಾಡಿದಳು ನಮಗೆ ಗೊತ್ತಿಲ್ಲ. ಹಲ್ಲು ತಾಗಿದ ದಿನದಿಂದ ಹತ್ತು ದಿನ ಅವಳನ್ನ ಕಣ್ಣಳತೆಯಲ್ಲೇ ಇಟ್ಟುಕೊಳ್ಳಿ, ಹತ್ತು ದಿನ ಕಳೆದು ಆರೋಗ್ಯವಾಗಿದ್ರೆ ಆ ಗೀರಿಂದ ಅಪಾಯ ಇಲ್ಲ ಅಂತ ಅರ್ಥ, ಆಗ ಉಳಿದ ಡೋಸ್ ಬಗ್ಗೆ ನಿಮ್ಮ ಡಾಕ್ಟರೇ ಹೇಳ್ತಾರೆ. ಆ ಹತ್ತು ದಿನದೊಳಗೆ ಅವಳಿಗೆ ರೇಬಿಸ್ ಲಸಿಕೆ ಹಾಕಿಸೋದೂ ಬೇಡ, ಹನ್ನೊಂದನೇ ದಿನ ಹಾಕಿಸಿ.

ಎರಡನೇದು ಆ ರಕ್ತ. ಹೀಟ್, ಅಂದ್ರೆ ಬೆದೆ, ಮೂರು ವಾರದ ಆಟ. ಮೊದಲ ಎಂಟೊಂಬತ್ತು ದಿನ ಕೆಂಪಾಗಿ ಬೀಳುತ್ತೆ, ಜಾಗ ಊದಿಕೊಂಡಿರುತ್ತೆ, ಆಮೇಲೆ ಬಣ್ಣ ತಿಳಿಯಾಗಿ ನಿಂತುಹೋಗುತ್ತೆ, ಬೀದಿ ಗಂಡುನಾಯಿಗಳೆಲ್ಲ ನಿಮ್ಮ ಗೇಟಿನ ಮುಂದೆ ಸಾಲಾಗಿ ಕೂತಿರುತ್ತವೆ, ಮತ್ತೆ ಬರೋದು ಸುಮಾರು ಆರು ತಿಂಗಳಿಗೆ. ಒಂದೂವರೆ ತಿಂಗಳಿಂದ ನಿಲ್ತಾ, ಬೀಳ್ತಾ, ಎರಡೆರಡು ಹನಿ ಅಂದ್ರೆ ಅದು ಹೀಟ್ ಅಲ್ಲ. ನನ್ನ ಹದಿನೆಂಟು ವರ್ಷದ ಪ್ರಾಕ್ಟೀಸಲ್ಲಿ ಬೀದಿಯಿಂದ ಬಂದ ಹೆಣ್ಣುನಾಯಿಗಳಲ್ಲಿ ಇದನ್ನ ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಲ್ಲ. ಟಿವಿಟಿ ಅಂತಾರೆ, ಕೂಡುವಾಗ ಒಂದು ನಾಯಿಂದ ಇನ್ನೊಂದಕ್ಕೆ ದಾಟೋ ಗಡ್ಡೆ. ಕೈಗವಸು ಹಾಕಿ ಸ್ವಲ್ಪ ಬಿಡಿಸಿ ನೋಡಿದ್ರೆ ಒಳಗೆ ಹೂಕೋಸಿನ ಥರ, ಮುಟ್ಟಿದ್ರೆ ಒಡೆದು ರಕ್ತ ಬರೋ ಗುಲಾಬಿ ಬಣ್ಣದ ಮಾಂಸ ಕಾಣುತ್ತೆ. ಸಾವಿರಾರು ವರ್ಷದ ಹಿಂದೆ ಒಂದೇ ಒಂದು ನಾಯಿಯಲ್ಲಿ ಹುಟ್ಟಿದ ಕ್ಯಾನ್ಸರಿನ ಜೀವಕೋಶ ಇವತ್ತಿಗೂ ಹಾಗೇ ನಾಯಿಂದ ನಾಯಿಗೆ ಅಂಟ್ಕೊಂಡು ಬದುಕಿದೆ, ವೈರಸ್ಸೂ ಅಲ್ಲ ಬ್ಯಾಕ್ಟೀರಿಯಾನೂ ಅಲ್ಲ, ಗಡ್ಡೆಯ ಜೀವಕೋಶವೇ ದಾಟುತ್ತೆ.

ಕ್ಯಾನ್ಸರ್ ಅಂದ ತಕ್ಷಣ ಕೈ ಚೆಲ್ಲಬೇಡಿ. ಇದು ಅತಿ ಚೆನ್ನಾಗಿ ವಾಸಿಯಾಗೋ ಕ್ಯಾನ್ಸರ್. ಗಾಜಿನ ಸ್ಲೈಡನ್ನ ಗಡ್ಡೆಗೆ ಒತ್ತಿ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಗೊತ್ತಾಗಿಬಿಡುತ್ತೆ. ವಿನ್‌ಕ್ರಿಸ್ಟಿನ್ ಅನ್ನೋ ಕೀಮೋ ಔಷಧ ವಾರಕ್ಕೊಂದು ಸಲ ರಕ್ತನಾಳಕ್ಕೆ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಎರಡನೇ ಡೋಸಿಗೇ ಗಡ್ಡೆ ಕರಗ್ತಾ ಬರೋದು ಕಣ್ಣಿಗೆ ಕಾಣುತ್ತೆ. ಪ್ರತಿ ಸಲ ರಕ್ತ ಪರೀಕ್ಷೆ ಮಾಡಿಸಿ ಕೊಡ್ತಾರೆ, ಔಷಧ ನಾಳದಿಂದ ಹೊರಗೆ ಸೋರಿದ್ರೆ ಚರ್ಮ ಕೊಳೆಯುತ್ತೆ, ಅದಕ್ಕೆ ಕೈ ಪಳಗಿದ ಡಾಕ್ಟರ ಹತ್ರಾನೇ ಮಾಡಿಸಿ. ಇಂಜೆಕ್ಷನ್ ಆದ ಒಂದೆರಡು ದಿನ ಅವಳ ಉಚ್ಚೆ ಕಕ್ಕ ಬಳಿಯುವಾಗ ಕೈಗವಸು ಹಾಕ್ಕೊಳ್ಳಿ, ಮನೇಲಿ ಬಸುರಿ ಹೆಂಗಸರಿದ್ರೆ ಆ ಕೆಲಸ ಅವರಿಗೆ ಬೇಡ. ಮನುಷ್ಯರಿಗೆ ಈ ಗಡ್ಡೆ ಅಂಟೋದಿಲ್ಲ. ಒಂದು ಪಕ್ಷ ಟಿವಿಟಿ ಅಲ್ಲದೆ ಗರ್ಭಕೋಶದಲ್ಲಿ ಕೀವು ತುಂಬಿರೋ ಪಯೋಮೆಟ್ರಾ ಆಗಿದ್ರೆ ಅದು ಎಮರ್ಜೆನ್ಸಿ. ನೀರು ಜಾಸ್ತಿ ಕುಡಿಯೋದು, ಊಟ ಬಿಡೋದು, ವಾಸನೆ ಬರೋ ಸ್ರಾವ, ಇವು ಕಂಡ್ರೆ ರಾತ್ರಿ ಅಂತ ನೋಡದೆ ಕರ್ಕೊಂಡು ಓಡಿ.

ಈಗ ಭಾನುವಾರದ ಮಾತಿಗೆ ಬರೋಣ. ಕೊಡಬೇಡಿ. ಹತ್ತು ದಿನದ ನಿಗಾ ಮುಗಿದಿಲ್ಲ, ರಕ್ತ ಯಾಕೆ ಅಂತ ಗೊತ್ತಾಗಿಲ್ಲ, ಸಂತಾನಹರಣ ಆಪರೇಷನ್ ಆಗಿಲ್ಲ. ತೋಟದವರು ಒಳ್ಳೆಯವರೇ ಇರಬಹುದು, ಬಂದು ನೋಡಿಕೊಂಡು ಹೋಗ್ಲಿ, ಟೀ ಕೊಡಿ, ನಾಯಿ ಮಾತ್ರ ಚಿಕಿತ್ಸೆ ಮುಗಿಯೋವರೆಗೂ ಇಲ್ಲೇ ಇರುತ್ತೆ ಅಂತ ಸ್ಪಷ್ಟವಾಗಿ ಹೇಳಿ. ನಿಜವಾಗ್ಲೂ ಬೇಕು ಅನ್ನೋರು ಎರಡು ತಿಂಗಳು ಕಾಯ್ತಾರೆ, ನಾಳೆನೇ ಬೇಕು ಇಲ್ಲಾಂದ್ರೆ ಬೇರೆ ನೋಡ್ಕೋತೀನಿ ಅನ್ನೋರು ಬೇರೆ ನೋಡ್ಕೊಳ್ಳಲಿ.

ತೋಟದ ಬಗ್ಗೆ ನನಗೆ ಭಯ ಇರೋದು ಇನ್ನೊಂದು ಕಾರಣಕ್ಕೆ. ಮೈಸೂರು, ಮಂಡ್ಯ, ಹಾಸನ, ತುಮಕೂರು ಈ ಸೀಮೆಯಲ್ಲಿ ತೋಟದ ನಾಯಿ ಅಂದ್ರೆ ಚಿರತೆ ಊಟ. ಕಬ್ಬಿನ ಗದ್ದೆ ಪಕ್ಕದಲ್ಲಿ ಸರಪಳಿ ಹಾಕಿ ಕಟ್ಟಿದ ನಾಯಿ ರಾತ್ರಿ ಓಡೋಕೂ ಆಗಲ್ಲ ಅಡಗೋಕೂ ಆಗಲ್ಲ, ಬೆಳಿಗ್ಗೆ ನೋಡಿದ್ರೆ ಸರಪಳಿ ಮಾತ್ರ ಇರುತ್ತೆ, ಆಮೇಲೆ ಇನ್ನೊಂದು ನಾಯಿ ತರ್ತಾರೆ. ಎಲ್ಲ ತೋಟದವರೂ ಹೀಗೆ ಅಂತ ಹೇಳ್ತಿಲ್ಲ, ನಾನೇ ಇಬ್ಬರು ತೋಟದವರಿಗೆ ನಾಯಿ ಕೊಟ್ಟಿದ್ದೀನಿ, ಎರಡೂ ರಾಜರ ಥರ ಇವೆ. ಅವರಿಗೆ ಕೇಳಿದ್ದು ಒಂದೇ ಪ್ರಶ್ನೆ: ರಾತ್ರಿ ಎಲ್ಲಿ ಮಲಗುತ್ತೆ? ಒಬ್ಬರು "ನಮ್ಮ ಜಗಲೀಲಿ, ಗ್ರಿಲ್ ಬಾಗಿಲು ಹಾಕ್ತೀವಿ" ಅಂದ್ರು. ನೀವೂ ಅದನ್ನೇ ಕೇಳಿ. "ಅಲ್ಲೇ ಪಂಪ್‌ಹೌಸ್ ಹತ್ರ ಕಟ್ಟಿರ್ತೀವಿ" ಅಂತ ಬಂದ್ರೆ ಮಾತು ಮುಗೀತು.

ನಿಮಗೆ ಅವಳನ್ನ ಬಿಟ್ಟು ಬರೋಕೆ ಮನಸ್ಸಿಲ್ಲ ಅಂತ ಗೊತ್ತು, ಆದ್ರೂ ಗಡುವು ಹತ್ರ ಬಂದಾಗ ಯಾರಾದ್ರೂ "ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಬಿಡಿ, ರಿಂಗ್ ರೋಡ್ ಡಾಬಾ ಹತ್ರ ಬಿಡಿ, ಊಟ ಸಿಗುತ್ತೆ" ಅಂತ ಹೇಳೇ ಹೇಳ್ತಾರೆ. ಹೊಸ ಜಾಗದಲ್ಲಿ ಬಿಟ್ಟ ನಾಯಿನ ಅಲ್ಲಿನ ಗುಂಪು ಸೇರಿಸಿಕೊಳ್ಳಲ್ಲ, ಕಚ್ಚಿ ಓಡಿಸುತ್ತವೆ, ಓಡುವಾಗ ಗಾಡಿಗೆ ಸಿಗುತ್ತೆ. 2023ರ ಎಬಿಸಿ, ಅಂದ್ರೆ ಪ್ರಾಣಿ ಸಂತಾನ ನಿಯಂತ್ರಣ ರೂಲ್ಸ್ ಪ್ರಕಾರ ಬೀದಿನಾಯಿಗೆ ಸಂತಾನಹರಣ ಮಾಡಿ ಲಸಿಕೆ ಹಾಕಿ ಹಿಡಿದ ಜಾಗಕ್ಕೇ ವಾಪಸ್ ಬಿಡಬೇಕು, ಬೇರೆ ಕಡೆ ಸಾಗಿಸೋ ಹಾಗಿಲ್ಲ. ನಿಮ್ಮದೇ ಬೀದಿಯಲ್ಲಿ, ಊಟ ಹಾಕೋ ನಾಲ್ಕು ಮನೆ ಇದ್ದು, ಆಪರೇಷನ್ ಆಗಿ ಕಿವಿ ತುದಿಯಲ್ಲಿ ಕಚ್ಚು ಗುರುತು ಹಾಕಿಸಿಕೊಂಡು ಬಾಳೋದು ಕೆಟ್ಟ ಬಾಳಲ್ಲ. ಬೆಂಗಳೂರಲ್ಲಿ 2023ರ ಗಣತಿಯಲ್ಲಿ ಸುಮಾರು 2.79 ಲಕ್ಷ ಬೀದಿನಾಯಿ ಸಿಕ್ಕಿವೆ, ಅಷ್ಟಕ್ಕೂ ಸೋಫಾ ಸಿಗೋದಿಲ್ಲ, ಬೀದಿಯಲ್ಲೇ ಚೆನ್ನಾಗಿರೋ ನಾಯಿನ ನಾನು ಮುಟ್ಟೋಕೂ ಹೋಗಲ್ಲ. ಆದ್ರೆ ನಿಮ್ಮವಳು ಆರು ವಾರ ಒಳಗಿದ್ದಾಳೆ, ಕಾಲಿಗೆ ಪೆಟ್ಟಾಗಿದೆ, ಮುಂದೆ ಚಿಕಿತ್ಸೆ ಇದೆ, ಅವಳ ಬೀದಿ ಯಾವುದು ಅಂತ ನಿಮಗೆ ಗೊತ್ತೂ ಇಲ್ಲ. ಇವಳಿಗೆ ಮನೆ ಬೇಕು.

ಮನೆಗೆ ಮುಂಚೆ ಆಗಬೇಕಾದ್ದು ಇಷ್ಟು. ಟಿವಿಟಿ ಇದ್ರೆ ಅದರ ಕೋರ್ಸ್. ಉಣ್ಣೆ ಇದೆ ಅಂದ್ರಿ, ಅದಕ್ಕೆ ರಕ್ತ ಪರೀಕ್ಷೆ ಮಾಡಿಸುವಾಗಲೇ ಉಣ್ಣೆಯಿಂದ ಹರಡೋ ಎರ್ಲಿಕಿಯಾ, ಬೆಬೇಸಿಯಾ ಕಾಯಿಲೆ ಎರಡನ್ನೂ ನೋಡೋಕೆ ಹೇಳಿ, ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ ಕಡಿಮೆ ಇದ್ದಾಗ ಆಪರೇಷನ್ ಟೇಬಲ್ ಮೇಲೆ ಮಲಗಿಸಿದ್ರೆ ರಕ್ತ ನಿಲ್ಲಲ್ಲ. ಉಣ್ಣೆ ಕೈಲಿ ಕೀಳೋದು ಬಿಡಿ, ಬ್ರಾವೆಕ್ಟೊ, ನೆಕ್ಸ್‌ಗಾರ್ಡ್ ಥರದ ಮಾತ್ರೆ ತೂಕ ನೋಡಿ ಡಾಕ್ಟರ್ ಕೊಡ್ತಾರೆ, ಒಂದು ಮೂರು ತಿಂಗಳು ಬರುತ್ತೆ, ಇನ್ನೊಂದು ಒಂದು ತಿಂಗಳು. ಸೀಮೆಎಣ್ಣೆ, ಫಿನಾಯಿಲ್, ಹಳೇ ಎಂಜಿನ್ ಆಯಿಲ್ ಯಾರೇ ಹೇಳಿದ್ರೂ ಬಳಿಯಬೇಡಿ, ನೆಕ್ಕಿ ಒಳಗೆ ಹೋಗುತ್ತೆ. ಕಾಲು ನೋವಿಗೆ ಮನೇಲಿರೋ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ. ಜಂತುಹುಳದ ಮಾತ್ರೆ. ಡಿಸ್ಟೆಂಪರ್, ಪಾರ್ವೋ ಥರದ ಅಂಟುಕಾಯಿಲೆಗಳಿಗೆ ನೈನ್ ಇನ್ ಒನ್ ಲಸಿಕೆ ಮೂರ್ನಾಲ್ಕು ವಾರದ ಅಂತರದಲ್ಲಿ ಎರಡು ಸಲ, ಕೀಮೋ ನಡೀತಿರುವಾಗ ಯಾವಾಗ ಹಾಕಬೇಕು ಅನ್ನೋದನ್ನ ನಿಮ್ಮ ಡಾಕ್ಟರ್ ತೀರ್ಮಾನಕ್ಕೇ ಬಿಡಿ.

ಆಮೇಲೆ ಸಂತಾನಹರಣ. ಇದರಲ್ಲಿ ಮಾತ್ರ ನನ್ನದು ಹಠ, ಬೈಸಿಕೊಂಡಿದ್ದೀನಿ, ಬಿಟ್ಟಿಲ್ಲ. "ತಗೊಂಡೋರು ಮಾಡಿಸ್ಕೋತಾರೆ" ಅಂತ ಕೊಟ್ಟ ನಾಯಿಗಳಲ್ಲಿ ಬಹಳಷ್ಟಕ್ಕೆ ಆಪರೇಷನ್ ಆಗಲೇ ಇಲ್ಲ, ಮುಂದಿನ ಹೀಟಲ್ಲಿ ಗೇಟ್ ಹಾರಿ, ಎರಡು ತಿಂಗಳಿಗೆ ಆರು ಮರಿ, ಆ ಆರು ಮರಿ ರಟ್ಟಿನ ಡಬ್ಬದಲ್ಲಿ ನನ್ನ ಕ್ಲಿನಿಕ್ ಮುಂದೆ. ಜನ ಹೆಣ್ಣುನಾಯಿ ಬೇಡ ಅನ್ನೋದೂ ಇದೇ ಭಯಕ್ಕೆ ತಾನೇ? ಹೀಟು, ರಕ್ತದ ಕಲೆ, ಮನೆ ಮುಂದೆ ಗಂಡುನಾಯಿಗಳ ಜಾತ್ರೆ, ಮರಿ. ಆಪರೇಷನ್ ಆದ ಮೇಲೆ ಇದರಲ್ಲಿ ಒಂದೂ ಇಲ್ಲ, ಪಯೋಮೆಟ್ರಾ ಭಯನೂ ಇಲ್ಲ. ಗಂಡುನಾಯಿ ಕೇಳೋರಿಗೆ ಇದನ್ನ ಬಿಡಿಸಿ ಹೇಳಿ, ಗಂಡು ಕಂಬ ಕಂಡಲ್ಲೆಲ್ಲ ಕಾಲೆತ್ತುತ್ತೆ, ಹೆಣ್ಣಿನ ವಾಸನೆ ಹಿಡಿದು ನಾಲ್ಕು ಬೀದಿ ಆಚೆ ಹೋಗುತ್ತೆ ಅನ್ನೋದನ್ನೂ ಹೇಳಿ. ನನ್ನ ಅನುಭವದಲ್ಲಿ "ಗಂಡೇ ಬೇಕು" ಅಂತ ಬಂದವರಲ್ಲಿ ಅರ್ಧಕ್ಕರ್ಧ ಜನ ಆಪರೇಷನ್ ಸರ್ಟಿಫಿಕೇಟ್ ಕೈಲಿಟ್ಟ ಮೇಲೆ ಮೆತ್ತಗಾಗಿದ್ದಾರೆ.

ಇನ್ನು ಜಾಹೀರಾತು. ನೀವು ವಾಟ್ಸಾಪಲ್ಲಿ ಏನು ಬರೆದಿದ್ರಿ ನಾನು ನೋಡಿಲ್ಲ, ಆದ್ರೆ ಸಾಮಾನ್ಯವಾಗಿ ಹೇಗಿರುತ್ತೆ ಗೊತ್ತು: ಗಾಯದ ಫೋಟೋ, "ಅರ್ಜೆಂಟ್, ಮನೆ ಸಿಗದಿದ್ರೆ ಮತ್ತೆ ಬೀದಿಗೆ, ದಯವಿಟ್ಟು ಶೇರ್ ಮಾಡಿ", ಕೊನೆಗೆ ಹತ್ತು ಕೈಮುಗಿಯೋ ಚಿತ್ರ. ಅಯ್ಯೋ ಪಾಪ ಅಂತ ಕರಗಿ ತಗೊಂಡೋರ ಕರುಣೆ ಮೊದಲ ಚಪ್ಪಲಿ ಹರಿಯೋವರೆಗೆ ಮಾತ್ರ ಬಾಳುತ್ತೆ. ಅದರ ಬದಲು ಅವಳನ್ನ ತಿಳ್ಕೊಳ್ಳಿ, ತಿಳ್ಕೊಂಡಿದ್ದನ್ನ ಹಾಗೇ ಬರೀರಿ. ಚಿಕಿತ್ಸೆಯ ಈ ಐದಾರು ವಾರ ಅದಕ್ಕೇ ಸಿಕ್ಕ ಹಾಗೆ. ಒಂಟಿಯಾಗಿ ಎಷ್ಟು ಹೊತ್ತು ಇರ್ತಾಳೆ, ಮೊದಲು ಹತ್ತು ನಿಮಿಷ, ಆಮೇಲೆ ಒಂದು ಗಂಟೆ, ಮೂರು ಗಂಟೆ. ಮಕ್ಕಳು ಕಿರುಚಿದ್ರೆ ಏನು ಮಾಡ್ತಾಳೆ, ಬೆಕ್ಕು ಕಂಡ್ರೆ, ಕುಕ್ಕರ್ ವಿಷಲ್ ಕೂಗಿದ್ರೆ, ಆಟೋ ಹತ್ತಿಸಿದ್ರೆ. ಊಟದ ತಟ್ಟೆ ಹತ್ರ ಕೈ ಹೋದ್ರೆ ಗುರ್ ಅಂತಾಳಾ. ಮೆಟ್ಟಿಲು ಹತ್ತಿಳಿಯೋಕೆ ಆ ಕಾಲು ಒಪ್ಪುತ್ತಾ. ಬೈಕ್ ಗುದ್ದಿದ ನಾಯಿ ಬೈಕ್ ಸೈಲೆನ್ಸರ್ ಶಬ್ದಕ್ಕೆ ಮುದುರಿಕೊಳ್ಳಬಹುದು, ಇಲ್ಲ ಅಟ್ಟಿಸಿಕೊಂಡು ಹೋಗಬಹುದು. ಹಲ್ಲು ತಾಗಿದ ವಿಷಯಾನೂ ಹೇಳಿ, ಕಿವಿಗೆ ನೋವು ಮಾಡಿದಾಗ ತಿರುಗಿದಳು ಅಂತ ಇದ್ದದ್ದು ಇದ್ದ ಹಾಗೆ. ಟಿವಿಟಿ ಇತ್ತು, ಇಂತಿಷ್ಟು ಡೋಸ್ ಆಯ್ತು, ವಾಸಿಯಾಯ್ತು ಅಂತ ಕಾಗದ ಸಮೇತ ಹೇಳಿ. ಮುಚ್ಚಿಟ್ಟು ಕೊಟ್ಟ ನಾಯಿ ವಾಪಸ್ ಬರುತ್ತೆ, ಇಲ್ಲ ಇನ್ನೂ ಕೆಟ್ಟದ್ದು, ವಾಪಸ್ ಬರದೆ ಎಲ್ಲೋ ಬೀದಿ ಪಾಲಾಗುತ್ತೆ. ಹದಿನೆಂಟು ವರ್ಷದಲ್ಲಿ ನಾನು ಕಲಿತಿದ್ದರಲ್ಲಿ ದೊಡ್ಡದು ಇದೇ.

ಫೋಟೋ ತೆಗೆಯುವಾಗ ಮೇಲಿಂದ ತೆಗೀಬೇಡಿ, ನೀವೇ ನೆಲಕ್ಕೆ ಕೂತು ಅವಳ ಕಣ್ಣಿನ ಮಟ್ಟಕ್ಕೆ ಫೋನ್ ಹಿಡೀರಿ, ಬೆಳಿಗ್ಗೆ ಏಳು ಎಂಟು ಗಂಟೆ ಬೆಳಕಲ್ಲಿ. ಮನುಷ್ಯರ ಪಕ್ಕ ನಿಂತಿರೋ ಒಂದು ಫೋಟೋ ಇರಲಿ, ಎತ್ತರ ಗೊತ್ತಾಗುತ್ತೆ. ಇಪ್ಪತ್ತು ಸೆಕೆಂಡಿನ ವಿಡಿಯೋ, ನಡೆಯೋದು, ನಿಮ್ಮ ಹತ್ರ ಬರೋದು. ಬೀದೀದು ಅನ್ನೋದನ್ನ ತಗ್ಗಿದ ದನಿಯಲ್ಲಿ ಹೇಳಬೇಡಿ, ನಮ್ಮ ಹವಾಮಾನಕ್ಕೆ ಒಗ್ಗಿದ ಮೈ, ಸಣ್ಣ ಕೂದಲು, ತೆಳ್ಳಗಿನ ಹೊಟ್ಟೆ, ಬೇಸಿಗೆಗೆ ಏಸಿ ಬೇಡ. ಆದ್ರೆ ಇವು ಬೊಗಳೋ ನಾಯಿಗಳು, ತನ್ನ ಜಾಗ ಅಂತ ಕಾಯೋ ನಾಯಿಗಳು, ಬಾಗಿಲು ತೆರೆದಿದ್ರೆ ಬಾಣದ ಥರ ಓಡೋ ನಾಯಿಗಳು, ಅದನ್ನೂ ಸೇರಿಸಿ ಬರೀರಿ.

ಫೋನ್ ಬರೋಕೆ ಶುರುವಾದಾಗ ನಾನು ಮೊದಲು ಕೇಳೋದು, "ಮುಂಚೆ ನಾಯಿ ಸಾಕಿದ್ರಾ, ಅದು ಏನಾಯ್ತು?" ಹದಿಮೂರು ವರ್ಷ ಇತ್ತು, ಕೊನೆಗೆ ಕಿಡ್ನಿ ಹೋಯ್ತು ಅಂತ ದನಿ ಗದ್ಗದ ಆಗೋರು ಇರ್ತಾರೆ. "ಯಾರಿಗೋ ಕೊಟ್ವಿ, ಎಲ್ಲೋ ಹೋಯ್ತು" ಅನ್ನೋರು ಇರ್ತಾರೆ. ಉತ್ತರ ಅಲ್ಲೇ ಸಿಕ್ಕಿಬಿಡುತ್ತೆ. ಮನೇಲಿರೋ ಎಲ್ಲರ ಒಪ್ಪಿಗೆ ಇದೆಯಾ, ಅದರಲ್ಲೂ ಹಗಲು ಮನೇಲಿರೋ ಅತ್ತೆಯದೋ ಅಜ್ಜಿಯದೋ ಒಪ್ಪಿಗೆ, ಯಾಕಂದ್ರೆ ನಾಯಿ ಇರೋದು ಅವರ ಜೊತೆ. ಬಾಡಿಗೆ ಮನೆ ಆದ್ರೆ ಓನರ್ ಜೊತೆ ಮಾತಾಡಿಸಿ. ಊರಿಗೆ ಹೋದಾಗ ಯಾರು ನೋಡ್ಕೋತಾರೆ. ಸಸ್ಯಾಹಾರಿ ಮನೆ ಆದ್ರೆ ಏನು ಹಾಕ್ತೀರಿ ಅಂತ ಸಂಕೋಚ ಇಲ್ಲದೆ ಕೇಳಿ, ಮೊಟ್ಟೆನೋ ಪೆಡಿಗ್ರಿ ಥರದ ಡ್ರೈ ಫುಡ್ಡೋ ಹಾಕೋಕೆ ಒಪ್ಪಿದ್ರೆ ತೊಂದರೆ ಇಲ್ಲ, ಬರೀ ಮೊಸರನ್ನ ಅಂದ್ರೆ ಕೂತು ಮಾತಾಡಬೇಕಾಗುತ್ತೆ. ಕೊನೆಗೆ ಮನೆ ನೋಡೋಕೆ ಹೋಗಿ. ಬೇಡ, ನಾವೇ ಬಂದು ತಗೊಂಡು ಹೋಗ್ತೀವಿ ಅಂತ ಮನೆ ತೋರಿಸೋಕೆ ಒಪ್ಪದವರಿಗೆ ಕೊಡಬೇಡಿ.

ದೊಡ್ಡ ಮನೆ ನೋಡಿ ಮಾತ್ರ ಮರುಳಾಗಬೇಡಿ. ನಾನು ಕೊಟ್ಟ ನಾಯಿಗಳಲ್ಲಿ ಅತಿ ಸುಖವಾಗಿರೋದು ಒಂದು ಟೈಲರಿಂಗ್ ಅಂಗಡೀಲಿ. ಹತ್ತಡಿ ಅಂಗಡಿ, ಹಿಂದೆ ಒಂದು ರೂಮಿನ ಮನೆ. ಆ ಹೆಣ್ಣುಮಗಳು ಬಂದಾಗ ನನಗೇ ಅನುಮಾನ ಇತ್ತು, ಜಾಗ ಎಲ್ಲಿ ಅಂತ. ಹೋಗಿ ನೋಡಿದ್ರೆ ಹೊಲಿಗೆ ಮಿಷಿನ್ ಕೆಳಗೆ, ಪೆಡಲ್ ಪಕ್ಕದಲ್ಲಿ, ಬ್ಲೌಸ್ ಪೀಸುಗಳನ್ನೇ ಜೋಡಿಸಿ ಹೊಲಿದ ಹಾಸಿಗೆ ನಾಯಿ ಬರೋ ಮುಂಚೆನೇ ರೆಡಿ ಇತ್ತು. ಇವತ್ತು ಆ ನಾಯಿ ದಿನದ ಇಪ್ಪತ್ತನಾಲ್ಕು ಗಂಟೆನೂ ಅವರ ಜೊತೆ ಇರುತ್ತೆ, ಮಿಷಿನ್ ಓಡ್ತಿದ್ರೇನೇ ನಿದ್ದೆ ಅಂತೆ, ಕರೆಂಟ್ ಹೋಗಿ ಮಿಷಿನ್ ನಿಂತ್ರೆ ತಲೆ ಎತ್ತಿ ನೋಡುತ್ತಂತೆ.

ಓನರ್ ವಿಷಯಕ್ಕೆ ಬಂದ್ರೆ, ಅವರಿಗೆ ಬೇಕಿರೋದು ಇದು ಎಂದಿಗೂ ಮುಗಿಯದ ಕಥೆ ಅಲ್ಲ ಅನ್ನೋ ಧೈರ್ಯ. ಡಾಕ್ಟರ್ ಬರೆದ ಚಿಕಿತ್ಸೆಯ ಚೀಟಿ ತೋರಿಸಿ, ಈ ತಾರೀಖಿಗೆ ಕೋರ್ಸ್ ಮುಗಿಯುತ್ತೆ, ಈ ತಾರೀಖಿಗೆ ಆಪರೇಷನ್, ಅಲ್ಲಿಂದ ಇಷ್ಟು ದಿನ ಅಂತ ಕೂತು ಲೆಕ್ಕ ಹೇಳಿ. ಬಾಯಿಮಾತಿಗೆ ಕರಗದವರು ಲೆಕ್ಕಕ್ಕೆ ಕರಗಿದ್ದನ್ನ ನೋಡಿದ್ದೀನಿ. ಆಗಲೇ ಇಲ್ಲ ಅಂದ್ರೆ ಫಾಸ್ಟರ್ ಹುಡುಕಿ, ತಿಂಗಳ ಮಟ್ಟಿಗೆ ಇಟ್ಟುಕೊಳ್ಳಿ, ಖರ್ಚೆಲ್ಲ ನಂದು ಅಂದ್ರೆ ಒಪ್ಪೋರು ಪೂರ್ತಿ ದತ್ತು ತಗೊಳ್ಳೋರಿಗಿಂತ ಬೇಗ ಸಿಗ್ತಾರೆ, ಮತ್ತೆ ಎಷ್ಟೋ ಫಾಸ್ಟರ್‌ಗಳು ಕೊನೆಗೆ ಇಟ್ಟುಕೊಂಡೇ ಬಿಡ್ತಾರೆ. ಶೆಲ್ಟರಿನವರ ಮೇಲೆ ಸಿಟ್ಟಾಗಬೇಡಿ. ಅಲ್ಲಿ ಕಾಲು ಮುರಿದಿದ್ದು, ಡಿಸ್ಟೆಂಪರ್ ಬಂದಿದ್ದು, ಪಾರ್ವೋ ಮರಿಗಳು ತುಂಬಿರುತ್ತವೆ, ಲಸಿಕೆ ಆಗದ ನಿಮ್ಮವಳು ಅಲ್ಲಿಗೆ ಹೋದ್ರೆ ಇಲ್ಲದ ಕಾಯಿಲೆ ಹತ್ತಿಸಿಕೊಳ್ಳಬಹುದು. ಅವರ ಹತ್ರ ಜಾಗ ಕೇಳೋ ಬದಲು ಆಪರೇಷನ್‌ಗೆ ಸಹಾಯ ಕೇಳಿ, ಅವರ ಅಡಾಪ್ಷನ್ ಕ್ಯಾಂಪಿಗೆ ಕರ್ಕೊಂಡು ಬರಬಹುದಾ ಕೇಳಿ, ಇದಕ್ಕೆ ಇಲ್ಲ ಅನ್ನೋರು ಕಡಿಮೆ.

ಕೊಡೋ ದಿನದ ಬಗ್ಗೆ ಒಂದು ಘಟನೆ ಹೇಳಲೇಬೇಕು. ಆರೇಳು ವರ್ಷದ ಹಿಂದೆ ಗೌರಿ ಅಂತ ಒಂದು ನಾಯಿನ ನಂಜನಗೂಡು ರಸ್ತೆ ಕಡೆ ಒಂದು ಒಳ್ಳೆ ಮನೆಗೆ ಕೊಟ್ವಿ. ಎಲ್ಲ ಸರಿ ಇತ್ತು. ಎರಡನೇ ದಿನ ಗ್ಯಾಸ್ ಸಿಲಿಂಡರ್‌ನವನು ಬಂದ, ಗೇಟ್ ತೆರೆದ್ರು, ಸಿಲಿಂಡರ್ ಟಣ್ ಅಂತ ನೆಲಕ್ಕೆ ಬಿತ್ತು, ಇವಳು ಬೆಚ್ಚಿ ಹಿಂದಕ್ಕೆ ಜಗ್ಗಿದ ರಭಸಕ್ಕೆ ಬೆಲ್ಟು ತಲೆಯಿಂದ ಕಳಚಿಕೊಂಡು ಅವರ ಕೈಲೇ ಉಳೀತು. ಓಡಿದಳು. ಹೆಸರು ಕರೆದಷ್ಟೂ ದೂರ ಓಡಿದಳು, ಆ ಮನೆಯವರ ದನಿ ಅವಳಿಗೆ ಎರಡು ದಿನದ ಪರಿಚಯ ಅಷ್ಟೇ. ಮೂರು ದಿನ ಹುಡುಕಿದ್ವಿ. ನಾಲ್ಕನೇ ದಿನ ನಾನು ಅವಳು ನಮ್ಮನೇಲಿ ಮಲಗ್ತಿದ್ದ ಹಳೇ ಬೆಡ್‌ಶೀಟನ್ನ ಒಗೆಯದೆ ತಗೊಂಡು ಹೋಗಿ ಆ ಗೇಟಿನ ಹೊರಗೆ ಹಾಸಿ, ಬೆಳಗಿನ ಜಾವ ಐದಕ್ಕೆ ಅಲ್ಲೇ ಸಣ್ಣ ಒಲೆ ಮೇಲೆ ಒಣಮೀನು ಸುಟ್ಕೊಂಡು ಸುಮ್ಮನೆ ಕೂತಿದ್ದೆ, ಕರೀಲಿಲ್ಲ. ಐದೂ ಮುಕ್ಕಾಲಿಗೆ ಪಕ್ಕದ ಖಾಲಿ ಸೈಟಿನ ಲಾಂಟಾನ ಪೊದೆ ಒಳಗಿಂದ ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ತೆವಳಿಕೊಂಡು ಬಂದಳು, ಮೊದಲು ಬೆಡ್‌ಶೀಟ್ ಮೂಸಿದಳು, ಆಮೇಲೆ ನನ್ನ ಕೈ, ಮೀನಿನ ಕಡೆ ಆಮೇಲೆ ನೋಡಿದ್ದು.

ಅವತ್ತಿಂದ ನಾನು ಯಾವ ನಾಯಿನ ಕೊಟ್ರೂ ಕತ್ತಿಗೆ ಬೆಲ್ಟು, ಎದೆಗೆ ಹಾರ್ನೆಸ್ ಎರಡನ್ನೂ ಹಾಕಿ ಎರಡಕ್ಕೂ ಲೀಶ್ ಸಿಕ್ಕಿಸಿ ಕೊಡ್ತೀನಿ, ಬೆಲ್ಟಿನ ಒಳಗೆ ಎರಡೇ ಬೆರಳು ಹೋಗಬೇಕು, ಮೂರು ಹೋದ್ರೆ ಅದು ಕಳಚುತ್ತೆ. ಫೋನ್ ನಂಬರಿನ ಬಿಲ್ಲೆ ಮುಂಚೆನೇ ಮಾಡಿಸಿ. ಮೂರು ವಾರ ಗೇಟಿನ ಒಳಗೂ ಲೀಶ್ ಇಲ್ಲದೆ ಬಿಡಬೇಡಿ ಅಂತೀನಿ. ಅವಳ ಹಾಸಿಗೆನ ಒಗೆಯದೆ ಜೊತೆಗೆ ಕಳಿಸ್ತೀನಿ. ದೀಪಾವಳಿಗೆ ಹದಿನೈದು ದಿನ ಇದೆ ಅನ್ನುವಾಗ ಯಾವ ನಾಯಿದೂ ಮನೆ ಬದಲಾಯಿಸಲ್ಲ, ಪಟಾಕಿ ಸದ್ದಿಗೆ ಹಳೇ ಮನೆ ನಾಯಿಗಳೇ ಕಳೆದುಹೋಗ್ತವೆ. ಮೊದಲ ಮೂರು ದಿನ ಊಟ ಬಿಡಬಹುದು, ಮಂಚದ ಕೆಳಗಿಂದ ಬರದೇ ಇರಬಹುದು. ಮೂರು ವಾರಕ್ಕೆ ಮನೆಯ ಪದ್ಧತಿ ಹಿಡಿಯುತ್ತೆ, ಮೂರು ತಿಂಗಳಿಗೆ ಇದು ನನ್ನ ಮನೆ ಅಂತ ಕಾಲು ಚಾಚಿ ಮಲಗುತ್ತೆ, ಈ ಲೆಕ್ಕನ ತಗೊಳ್ಳೋರಿಗೆ ಮುಂಚೆನೇ ಹೇಳಿಡಿ, ಎರಡನೇ ದಿನವೇ "ಇದು ನಮಗೆ ಹೊಂದಲ್ಲ" ಅನ್ನೋ ಫೋನ್ ಬರಲ್ಲ.

ಒಂದು ಹಾಳೇಲಿ ಬರೆಸಿಕೊಳ್ಳಿ: ಯಾವ ಕಾರಣಕ್ಕಾದ್ರೂ ಸಾಕೋಕಾಗದಿದ್ರೆ ಬೇರೆಯವರಿಗೆ ಕೊಡೋದಾಗಲಿ ಬಿಡೋದಾಗಲಿ ಮಾಡದೆ ನಿಮಗೇ ವಾಪಸ್ ತಂದುಕೊಡಬೇಕು ಅಂತ. ಸಾಕಿದ ಪ್ರಾಣಿನ ಬೀದಿಗೆ ಬಿಡೋದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ, ಆದ್ರೆ ಮೊದಲ ಸಲಕ್ಕೆ ದಂಡ ಹತ್ತು ರೂಪಾಯಿಂದ ಐವತ್ತು ರೂಪಾಯಿ. ಸುಪ್ರೀಂ ಕೋರ್ಟ್ ಕೂಡ 2025ರ ಆಗಸ್ಟ್ 22ರ ಆದೇಶದಲ್ಲಿ ಬೀದಿನಾಯಿ ದತ್ತು ತಗೊಂಡೋರು ಅದು ಮತ್ತೆ ಬೀದಿಗೆ ಬರದ ಹಾಗೆ ನೋಡ್ಕೋಬೇಕು ಅಂದಿದೆ. ಅವಳನ್ನ ಕಾಯೋದು ನೀವು ಆ ಮನೆಯವರ ಜೊತೆ ಇಟ್ಟುಕೊಳ್ಳೋ ಸಲಿಗೆ. ಮೊದಲ ವಾರ ದಿನಕ್ಕೊಂದು ಫೋಟೋ ಕೇಳಿ, ಆಮೇಲೆ ವಾರಕ್ಕೊಂದು, ಹಬ್ಬಕ್ಕೆ ಫೋನ್ ಮಾಡಿ. ನೋಡೋಕೆ ಹೋಗೋದಾದ್ರೆ ಒಂದು ತಿಂಗಳು ಕಳೀಲಿ, ಮೊದಲೇ ಹೋದ್ರೆ ನಿಮ್ಮ ಹಿಂದೇನೇ ಗೇಟಿಗೆ ಬಂದು ನಿಲ್ತಾಳೆ, ಅದು ಇಬ್ಬರಿಗೂ ನೋವು.

ಹೆಸರು ಇಟ್ರೆ ಬಿಡೋಕಾಗಲ್ಲ ಅಂತ ಬರೆದಿದ್ರಿ. ಬಿಡುವಾಗ ಅಳು ಬರುತ್ತೆ, ಹೆಸರಿಟ್ರೂ ಬರುತ್ತೆ ಇಡದಿದ್ರೂ ಬರುತ್ತೆ, ಆರು ವಾರ ಕೈಯಾರೆ ಗಾಯ ತೊಳೆದಿದ್ದೀರಿ. ಆದ್ರೆ ಹೆಸರು ನಿಮಗಲ್ಲ, ಅವಳಿಗೆ ಬೇಕು. ತೆರೆದ ಗೇಟಿನ ಮುಂದೆ ಕರೆದಾಗ ತಿರುಗಿ ನೋಡೋಕೆ ಒಂದು ಶಬ್ದ ಬೇಕು, ಅದನ್ನ ಊಟದ ಜೊತೆ ಈಗಿನಿಂದ್ಲೇ ಕಲಿಸಬೇಕು, ಹೊಸ ಮನೆಯವರೂ ಅದೇ ಹೆಸರಲ್ಲಿ ಕರೀಬೇಕು. ನಮ್ಮ ಮದ್ದೂರು ತಾಲೂಕಿನ ಆತಕೂರಲ್ಲಿ ಸಿಕ್ಕ ಕಲ್ಲಿನ ಬಗ್ಗೆ ಕೇಳಿರ್ತೀರಿ, ಕ್ರಿ.ಶ. 949-50ರದ್ದು, ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಯುದ್ಧದಲ್ಲಿ ಗೆಲ್ಲಿಸಿಕೊಟ್ಟ ಮಣಲೆರ ಅನ್ನೋ ವೀರನಿಗೆ ದೊರೆ ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ಒಂದು ನಾಯಿನ, ಆ ನಾಯಿ ಕಾಡುಹಂದಿ ಜೊತೆ ಹೋರಾಡಿ ಸತ್ತಾಗ ಅದಕ್ಕೊಂದು ಕಲ್ಲು ನಿಲ್ಲಿಸಿದ್ರು, ಹೆಸರು ಸಮೇತ ಕೆತ್ತಿದ್ದಾರೆ, ಕಾಳಿ ಅಂತ. ಸಾವಿರ ವರ್ಷ ಆದ್ಮೇಲೂ ನಮಗೆ ಆ ನಾಯಿ ಹೆಸರು ಗೊತ್ತು.

ಹಾಗಾಗಿ ಇವತ್ತು ನಿಮ್ಮ ಮೊದಲ ಇಂಜೆಕ್ಷನ್ ಹಾಕಿಸಿಕೊಂಡು, ನಾಳೆ ಬೆಳಿಗ್ಗೆನೇ ಅವಳನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ರಕ್ತ ಎಷ್ಟು ದಿನದಿಂದ, ಎಷ್ಟು ದಿನಕ್ಕೊಮ್ಮೆ ಅಂತ ಚೀಟೀಲಿ ಬರ್ಕೊಂಡು ಹೋಗಿ. ಕೌಂಟರಲ್ಲಿ ಕೇಸ್ ಪೇಪರ್ ಬರೆಯುವಾಗ ನಾಯಿ ಹೆಸರೇನು ಅಂತ ಕೇಳ್ತಾರೆ, ಅಲ್ಲಿ "ಬೀದಿನಾಯಿ" ಅಂತ ಬರೆಸಬೇಡಿ.